ಸಿಗಡಿಯಲ್ಲಿ ಆರ್ಸೆನಿಕ್: ಅಳೆಯುವ ಮೊದಲಿನ ಕೆಲಸ

ಸಿಗಡಿಯಲ್ಲಿ ಆರ್ಸೆನಿಕ್ ಇದೆ ಅಂದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಪಾಷಾಣ ಅಲ್ವಾ ಅದು! ಆದರೆ ಸಮುದ್ರದ ಜೀವಿಗಳಲ್ಲಿ ಅದು ಮೊದಲಿನಿಂದಲೂ ಇದ್ದದ್ದೇ. 1935ರಲ್ಲೇ ಅಮೆರಿಕದ ಸಂಶೋಧಕರು ಇಲಿಗಳಿಗೆ ಸಿಗಡಿ ತಿನ್ನಿಸಿ ನೋಡಿದ್ದರು. ಅದರ ಆರ್ಸೆನಿಕ್ ಬಹುಪಾಲು ಮೈಯಲ್ಲಿ ನಿಲ್ಲದೆ ಹೊರಗೆ ಹೋಗಿತ್ತು. ಕಾರಣ ತಿಳಿದದ್ದು 1977ರಲ್ಲಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಎಡ್ಮಂಡ್ಸ್, ಫ್ರಾನ್ಸೆಸ್ಕೋನಿ ಮತ್ತು ಜೊತೆಗಾರರು ಲಾಬ್‌ಸ್ಟರ್ ಮಾಂಸದಿಂದ ಆರ್ಸೆನೊಬೀಟೇನ್ ಅನ್ನುವ ವಸ್ತುವನ್ನು ಬೇರ್ಪಡಿಸಿದರು. ಆರ್ಸೆನಿಕ್‌ನ ಈ ರೂಪ ವಿಷವಲ್ಲ ಅಂತಲೇ ಹೇಳಬಹುದು.

ಲ್ಯಾಬಿನವರನ್ನು ಕಾಡಿದ್ದೂ ಇದೇ ವಸ್ತು. ಸಿಪ್ಪೆ, ಕರುಳು, ಮರಳು ತೆಗೆದು, ತಿನ್ನುವ ಭಾಗವನ್ನಷ್ಟೇ ರುಬ್ಬಿ, ಹೆಪ್ಪುಗಟ್ಟಿಸಿ ಒಣಗಿಸಿ ಪುಡಿ ಮಾಡುತ್ತಾರೆ. ಮೀನಿನ ಮಾಂಸದಲ್ಲಿ ಮುಕ್ಕಾಲು ಪಾಲು ನೀರೇ. ಹಾಗಾಗಿ ತೇವಾಂಶ ಬರೆದಿಡದಿದ್ದರೆ ಅಂಕಿ ನಾಲ್ಕು ಪಟ್ಟು ಜಾಸ್ತಿ ಕಾಣಬಹುದು. ಆಮೇಲೆ ನೈಟ್ರಿಕ್ ಆಮ್ಲ ಹಾಕಿ ಕಾಯಿಸುತ್ತಾರೆ. ಕಂದು ಹೊಗೆ ಏಳುತ್ತದೆ, ಪುಡಿ ಕರಗುತ್ತದೆ, ಕೊನೆಗೆ ತಿಳಿಯಾದ ದ್ರವ ಉಳಿಯುತ್ತದೆ. ನೋಡಿದವರಿಗೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಆದರೆ ಆರ್ಸೆನೊಬೀಟೇನ್ ಅದರೊಳಗೆ ಮುರಿಯದೆ ಹಾಗೇ ಕೂತಿರುತ್ತದೆ! ಆರ್ಸೆನಿಕ್ಕನ್ನು ಅನಿಲವಾಗಿಸಿ ಅಳೆಯುವ ಹಳೆಯ ವಿಧಾನಕ್ಕೆ ಅದು ಸಿಗುವುದೇ ಇಲ್ಲ. ಅಂಕಿ ಕಡಿಮೆ ಬರುತ್ತದೆ. ಅದನ್ನು ಪೂರ್ತಿ ಮುರಿಯಲು 300 ಡಿಗ್ರಿಯ ಹತ್ತಿರದ ಕಾವು ಬೇಕು, ಇಲ್ಲವೇ ಮೆಗ್ನೀಸಿಯಂ ನೈಟ್ರೇಟ್ ಬೆರೆಸಿ ಬೂದಿ ಮಾಡಬೇಕು.

ಮಾದರಿಯನ್ನು ವಿಪರೀತ ಕಾವಿನಲ್ಲಿ ಪರಮಾಣುಗಳಾಗಿ ಒಡೆದು ತೂಕದಿಂದ ಗುರುತಿಸುವ ಐಸಿಪಿ-ಎಂಎಸ್ ಯಂತ್ರ ಬಂದಾಗ ಈ ಕಷ್ಟ ಬಹಳ ಕಡಿಮೆಯಾಯಿತು. ಬದಲಿಗೆ ಸಮುದ್ರದ ಉಪ್ಪು ಅಡ್ಡ ಬಂತು. ಉಪ್ಪಿನ ಕ್ಲೋರಿನ್ ಯಂತ್ರದ ಆರ್ಗಾನ್ ಅನಿಲದ ಜೊತೆ ಸೇರಿ 75ರ ತೂಕ ಪಡೆಯುತ್ತದೆ. ಆರ್ಸೆನಿಕ್ ತೂಕವೂ 75. ಯಂತ್ರಕ್ಕೆ ಎರಡೂ ಒಂದೇ ಅನ್ನಿಸುತ್ತದೆ.

ಇಷ್ಟು ಮಾಡಿದರೂ ಸಿಗುವುದು ಒಟ್ಟು ಅಂಕಿ ಮಾತ್ರ. ಸುಮ್ನೆ ಅದನ್ನೇ ಬರೆದುಬಿಟ್ಟರೆ ಮೀನು ತಿನ್ನುವವರಿಗೆ ಇಲ್ಲದ ಭಯ ಹುಟ್ಟಿಸಿದಂತೆ. ನಿಜವಾದ ಅಪಾಯ ಅಜೈವಿಕ, ಅಂದರೆ ಇಂಗಾಲದ ಜೊತೆ ಬೆಸೆದುಕೊಳ್ಳದ ಆರ್ಸೆನಿಕ್‌ನದು. ಹಿಜಿಕಿ ಎಂಬ ಕಡಲಪಾಚಿಯಲ್ಲಿ ಅದೇ ಜಾಸ್ತಿ ಇದ್ದುದರಿಂದ 2004ರಲ್ಲಿ ಬ್ರಿಟನ್ನಿನ ಆಹಾರ ಸಂಸ್ಥೆ ಅದನ್ನು ತಿನ್ನಬೇಡಿ ಎಂದಿತು. ಈ ಅಜೈವಿಕ ರೂಪವನ್ನು ಅಳೆಯಲು ಮಾದರಿಯನ್ನು ಮೃದುವಾಗಿ ನೋಡಿಕೊಳ್ಳಬೇಕು. 2016ರ ಯುರೋಪಿನ ಮಾನದಂಡದಂತೆ ತೆಳು ಆಮ್ಲ, ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್, 90 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ. ಇಲ್ಲಿ ಆರ್ಸೆನೊಬೀಟೇನ್ ಮುರಿಯಲೇಬಾರದು. ಮುರಿದರೆ ಅದೂ ಅಜೈವಿಕದ ಲೆಕ್ಕಕ್ಕೆ ಸೇರಿಬಿಡಬಹುದು. ಅದಕ್ಕೇ ಒಂದೇ ಪುಡಿಯಿಂದ ಎರಡು ಪಾಲು ತೆಗೆಯುತ್ತಾರೆ: ಒಂದು ಒಟ್ಟು ಅಂಕಿಗೆ, ಇನ್ನೊಂದು ಅಜೈವಿಕಕ್ಕೆ.

ಜೊತೆಗೆ ಅಂಶ ಮೊದಲೇ ಗೊತ್ತಿರುವ ಮೀನಿನ ಪುಡಿಯನ್ನೂ ಇಡುತ್ತಾರೆ. ಹಿಂದೆ ಬಳಸುತ್ತಿದ್ದ ಕೆನಡಾದ ಡಾರ್ಮ್-2 ಅಂಥದ್ದು. ಕಿಲೋಗೆ 18 ಮಿಲಿಗ್ರಾಂ ಆರ್ಸೆನಿಕ್, ಅದರಲ್ಲಿ 16.4 ಆರ್ಸೆನೊಬೀಟೇನ್ ರೂಪದ್ದು. ಆ ಪುಡಿಯ ಒಟ್ಟು ಅಳತೆ ಮೊದಲೇ ಗೊತ್ತಿರುವ ಅಂಕಿಯ ಹತ್ತಿರ ಬರದಿದ್ದರೆ ಆ ದಿನದ ಸಿಗಡಿಯ ಅಂಕಿಯನ್ನೂ ಬದಿಗಿಟ್ಟು, ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ.