ಕಣ್ಣೆದುರಿನ ಬಟನ್ ಸ್ಕ್ರಿಪ್ಟಿಗೆ ಕಾಣದಿದ್ದಾಗ

ರಾತ್ರಿ ಹೊತ್ತು ತಾನಾಗಿಯೇ ಓಡುವ ಒಂದು ಪುಟ್ಟ ಸ್ಕ್ರಿಪ್ಟ್ ಇದೆ ಎಂದುಕೊಳ್ಳಿ. ಬ್ರೌಸರ್ ತೆರೆಯುವುದು, ಒಂದು ಜಾಲಪುಟಕ್ಕೆ ಹೋಗುವುದು, ‘ಹುಡುಕು’ ಎಂಬ ಬಟನ್ ಒತ್ತುವುದು, ಕೆಳಗೆ ಮೂಡುವ ಕೋಷ್ಟಕದ ಸಾಲುಗಳನ್ನು ಓದಿ ಫೈಲಿನಲ್ಲಿ ಬರೆದಿಡುವುದು, ಇಷ್ಟೇ ಅದರ ಕೆಲಸ. ವಾರವಿಡೀ ಚೆನ್ನಾಗಿ ನಡೆದದ್ದು ಒಂದು ಬೆಳಿಗ್ಗೆ ನೋಡಿದರೆ ನಿಂತುಬಿಟ್ಟಿದೆ. ಪರದೆಯ ಮೇಲೆ ‘ನೋ ಸಚ್ ಎಲಿಮೆಂಟ್’, ಅಂದರೆ ನೀವು ಹೇಳಿದ ಎಲಿಮೆಂಟ್ (ಬಟನ್, ಕೋಷ್ಟಕದಂಥ ಪುಟದ ಭಾಗ) ಇಲ್ಲಿ ಇಲ್ಲ, ಎಂಬ ಸಂದೇಶ. ಅದೇ ಪುಟವನ್ನು ಕೈಯಾರೆ ತೆರೆದು ನೋಡಿದರೆ ಬಟನ್ ಕಣ್ಣೆದುರಿಗೇ ಇದೆ. ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಕೆಲಸ ಮುಗಿಸುತ್ತದೆ. ಇಲ್ಲಿ ಸುಳ್ಳು ಹೇಳುತ್ತಿರುವವರು ಯಾರೂ ಇಲ್ಲ. ಸ್ಕ್ರಿಪ್ಟ್ ನೋಡಿದ ಗಳಿಗೆಯಲ್ಲಿ ಬಟನ್ ನಿಜಕ್ಕೂ ಇರಲಿಲ್ಲ, ನೀವು ನೋಡಿದ ಗಳಿಗೆಯಲ್ಲಿ ಇತ್ತು. ಬ್ರೌಸರ್ ಆಟೊಮೇಷನ್‌ನಲ್ಲಿ ನಾನು ಕಂಡಿರುವ ತೊಡಕುಗಳಲ್ಲಿ ಹೆಚ್ಚಿನವುಗಳ ಬೇರು ಇರುವುದು ಈ ಎರಡು ಗಳಿಗೆಗಳ ನಡುವಿನ ಸಂದಿನಲ್ಲಿಯೇ.

ಬ್ರೌಸರನ್ನು ಹೀಗೆ ತಾನಾಗಿ ನಡೆಸುವ ಉಪಕರಣಗಳು ಹುಟ್ಟಿದ್ದು ವೆಬ್ ಸ್ಕ್ರೇಪಿಂಗ್‌ಗಾಗಿ, ಅಂದರೆ ಜಾಲಪುಟಗಳಿಂದ ಮಾಹಿತಿಯನ್ನು ಬಾಚಿಕೊಳ್ಳುವುದಕ್ಕಾಗಿ, ಅಲ್ಲ. 2004ರಲ್ಲಿ ಥಾಟ್‌ವರ್ಕ್ಸ್ ಸಂಸ್ಥೆಯಲ್ಲಿದ್ದ ಜೇಸನ್ ಹಗ್ಗಿನ್ಸ್, ಅಲ್ಲಿನ ಒಳಬಳಕೆಯ ವೆಬ್ ಅಪ್ಲಿಕೇಷನ್ ಒಂದನ್ನು ಪರೀಕ್ಷಿಸುವ ಸಲುವಾಗಿ ಬರೆದ ಪ್ರೋಗ್ರಾಮೇ ಮುಂದೆ ಸೆಲೀನಿಯಮ್ ಆಗಿ ಬೆಳೆಯಿತು. ಆ ಕಾಲದಲ್ಲಿ ಪರೀಕ್ಷಾ ಸಾಫ್ಟ್‌ವೇರ್ ಮಾರುತ್ತಿದ್ದ ದೊಡ್ಡ ಕಂಪನಿಯ ಹೆಸರು ಮರ್ಕ್ಯುರಿ. ಪಾದರಸದ ನಂಜಿಗೆ ಸೆಲೀನಿಯಮ್ ಮದ್ದು ಎಂಬ ತಮಾಷೆಯಿಂದ ಈ ಹೆಸರು ಬಂತೆನ್ನುತ್ತಾರೆ. ಹೆಸರಿನ ಕಥೆ ಹೇಗೂ ಇರಲಿ, ಹುಟ್ಟಿನ ಕಥೆ ಮುಖ್ಯ. ತಾನೇ ಕಟ್ಟಿದ ಪುಟವನ್ನು ಪರೀಕ್ಷಿಸುವವನಿಗೆ ಆ ಪುಟ ಯಾವಾಗ, ಏಕೆ ಬದಲಾಯಿತೆಂಬುದು ಗೊತ್ತಿರುತ್ತದೆ. ಸ್ಕ್ರೇಪಿಂಗ್ ಮಾಡುವವನಾದರೋ ಇನ್ನೊಬ್ಬರ ಪುಟವನ್ನು ಅವರಿಗೆ ಹೇಳದೆ ನಂಬಿಕೊಂಡಿರುತ್ತಾನೆ, ಮತ್ತು ಅವರು ಒಂದು ಕ್ಲಾಸಿನ (ಪುಟದ ಭಾಗಗಳಿಗೆ ಕೋಡಿನಲ್ಲಿ ಅಂಟಿಸುವ ಗುರುತು) ಹೆಸರನ್ನು ಬದಲಿಸಿದರೂ ಅದು ಅವನಿಗೆ ತಿಳಿಯುವುದು ಎರರ್ ಬಂದ ಮೇಲೆಯೇ.

ಸೆಲೀನಿಯಮ್‌ನಲ್ಲಿ ಸ್ಕ್ರಿಪ್ಟ್ ಬ್ರೌಸರಿನೊಡನೆ ನೇರವಾಗಿ ಮಾತಾಡುವುದಿಲ್ಲ. ಅದು ಡ್ರೈವರ್ ಎಂಬ ಮಧ್ಯವರ್ತಿಗೆ ಹೇಳುತ್ತದೆ, ಡ್ರೈವರ್ ಬ್ರೌಸರಿಗೆ ದಾಟಿಸುತ್ತದೆ. ಈ ಮಾತುಕತೆಯ ಕ್ರಮವನ್ನು ವೆಬ್ ಮಾನಕಗಳನ್ನು ರೂಪಿಸುವ ಸಂಸ್ಥೆಯಾದ ಡಬ್ಲ್ಯೂ3ಸಿ 2018ರಲ್ಲಿ ವೆಬ್‌ಡ್ರೈವರ್ ಎಂಬ ಮಾನಕವಾಗಿ ಪ್ರಕಟಿಸಿತು. 2017ರಲ್ಲಿ ಬಂದ ಗೂಗಲ್‌ನ ಪಪೆಟಿಯರ್ ಮಧ್ಯವರ್ತಿಯನ್ನು ಬಿಟ್ಟು, ಬ್ರೌಸರಿನಲ್ಲೇ ಇರುವ ಡೆವಲಪರ್ ಸಾಧನಗಳಾದ ಡೆವ್‌ಟೂಲ್ಸ್ ಬಳಸುವ ಒಳಬಾಗಿಲಿನಿಂದಲೇ ಕ್ರೋಮ್‌ನೊಡನೆ ವ್ಯವಹರಿಸಿತು. 2020ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಪ್ಲೇರೈಟ್‌ನದೂ ಹೆಚ್ಚುಕಡಿಮೆ ಇದೇ ದಾರಿ. ಯಾವುದೇ ಆಗಲಿ, ಸ್ಕ್ರಿಪ್ಟ್ ಮತ್ತು ಬ್ರೌಸರ್ ಎರಡು ಬೇರೆ ಬೇರೆ ಪ್ರೋಗ್ರಾಮುಗಳು, ಒಂದರ ಗಡಿಯಾರಕ್ಕೆ ಇನ್ನೊಂದು ಕಾಯುವುದಿಲ್ಲ.

ಮಧ್ಯವರ್ತಿಯಿಂದಲೇ ಹುಟ್ಟುವ ಎರರ್‌ಗಳು ಗದ್ದಲ ಮಾಡುತ್ತವೆಯೇ ಹೊರತು ಕಷ್ಟದವಲ್ಲ. ‘ಸೆಷನ್ ನಾಟ್ ಕ್ರಿಯೇಟೆಡ್’ ಎಂದು ಬಂದರೆ, ಬಹುಮಟ್ಟಿಗೆ ಬ್ರೌಸರ್ ತಾನಾಗಿ ಅಪ್‌ಡೇಟ್ ಆಗಿದೆ, ಡ್ರೈವರ್ ಹಳೆಯದೇ ಉಳಿದಿದೆ ಎಂದು ಅರ್ಥ. 2022ರ ಕೊನೆಗೆ ಬಂದ ಸೆಲೀನಿಯಮ್ 4.6ರಿಂದ ಈಚೆಗೆ ಸರಿಯಾದ ಡ್ರೈವರನ್ನು ಅದೇ ಹುಡುಕಿ ತರುವುದರಿಂದ ಈ ಕಾಟ ತಗ್ಗಿದೆ. ಡಾಕರ್ ಕಂಟೇನರಿನೊಳಗೆ (ಪ್ರೋಗ್ರಾಮನ್ನು ಪ್ರತ್ಯೇಕವಾಗಿಟ್ಟು ಓಡಿಸುವ ಪೆಟ್ಟಿಗೆ) ಟ್ಯಾಬ್ ಹಠಾತ್ತನೆ ಕುಸಿದು ಬೀಳುತ್ತಿದ್ದರೆ ಹಂಚಿಕೆಯ ಮೆಮೊರಿಯನ್ನು ನೋಡಿ. ಅಲ್ಲಿ ಅದು ತಾನಾಗಿ ಸಿಗುವುದು ಬರೀ 64 ಎಂಬಿ, ಕ್ರೋಮ್‌ನ ಹಸಿವಿಗೆ ಅದು ಸಾಲದು.

ನಿಜವಾದ ತಲೆನೋವು ಪುಟ ತೆರೆದ ಮೇಲೆ ಶುರುವಾಗುತ್ತದೆ. ‘ಪುಟ ಲೋಡ್ ಆಯಿತು’ ಎಂಬ ಮಾತು ಒಂದು ಕಾಲಕ್ಕೆ ಅರ್ಥವುಳ್ಳದ್ದಾಗಿತ್ತು: ಸರ್ವರಿನಿಂದ ಎಚ್‌ಟಿಎಂಎಲ್ ಬಂತು, ಅದರೊಳಗೆ ಎಲ್ಲವೂ ಇತ್ತು. ಈಗಿನ ಅನೇಕ ಪುಟಗಳಲ್ಲಿ ಸರ್ವರ್ ಮೊದಲು ಕಳಿಸುವುದು ಖಾಲಿ ಪಾತ್ರೆಯನ್ನು ಮಾತ್ರ. ಅದರೊಡನೆ ಬಂದ ಜಾವಾಸ್ಕ್ರಿಪ್ಟ್ ಓಡಲು ತೊಡಗಿ, ಮತ್ತೊಮ್ಮೆ ಸರ್ವರನ್ನು ಕೇಳಿ, ಬಂದ ದತ್ತಾಂಶದಿಂದ ಕೋಷ್ಟಕವನ್ನು ಕಟ್ಟಿ ಆ ಪಾತ್ರೆಗೆ ಸುರಿಯುತ್ತದೆ. ಬ್ರೌಸರ್ ‘ಲೋಡ್ ಮುಗಿಯಿತು’ ಎಂದು ಸಾರುವುದು ಮೊದಲ ಹಂತದ ಕೊನೆಗೆ, ಕೋಷ್ಟಕ ಮೂಡುವುದು ಎರಡನೆಯ ಹಂತದ ಕೊನೆಗೆ. ಸೆಲೀನಿಯಮ್ ತಾನಾಗಿ ಕಾಯುವುದು ಮೊದಲನೆಯದಕ್ಕೆ ಮಾತ್ರ. ಆ ಮೇಲೆ ಎಲಿಮೆಂಟನ್ನು ಹುಡುಕುವಾಗ ಅದು ಕಾಯುವ ಅವಧಿ, ನೀವು ಬೇರೆ ಹೇಳದಿದ್ದರೆ, ಸೊನ್ನೆ ಸೆಕೆಂಡು. ಅರೆಬೆಂದ ಪುಟವನ್ನು ಒಮ್ಮೆ ನೋಡಿ ‘ಇಲ್ಲ’ ಎಂದು ಹಿಂದಿರುಗುತ್ತದೆ. ಇದನ್ನು ಪತ್ತೆಹಚ್ಚಲು ಸುಲಭದ ಉಪಾಯವೆಂದರೆ ‘ವ್ಯೂ ಸೋರ್ಸ್’ ಮತ್ತು ‘ಇನ್‌ಸ್ಪೆಕ್ಟ್’ ಎರಡನ್ನೂ ತೆರೆದು ಹೋಲಿಸುವುದು: ಮೊದಲನೆಯದು ಸರ್ವರ್ ಕಳಿಸಿದ್ದನ್ನು ತೋರಿಸುತ್ತದೆ, ಎರಡನೆಯದು ಈ ಹೊತ್ತಿಗೆ ಬ್ರೌಸರಿನ ಮೆಮೊರಿಯಲ್ಲಿ ಏನಿದೆಯೋ ಅದನ್ನು. ನಿಮ್ಮ ಕೋಷ್ಟಕ ಎರಡನೆಯದರಲ್ಲಿ ಮಾತ್ರ ಇದ್ದರೆ ಕಾಯದೆ ಗತಿಯಿಲ್ಲ.

ಕಾಯುವುದು ಹೇಗೆ? ಎಲ್ಲರೂ ಮೊದಲು ಮಾಡುವುದು ಐದು ಸೆಕೆಂಡಿನ ‘ಸ್ಲೀಪ್’ ಸೇರಿಸುವುದು. ಅದು ಬರೀ ಊಹೆ. ನೆಟ್‌ವರ್ಕ್ ಚುರುಕಾಗಿದ್ದ ದಿನ ನಾಲ್ಕು ಸೆಕೆಂಡು ದಂಡ, ನಿಧಾನವಾಗಿದ್ದ ದಿನ ಐದೂ ಸಾಲದು. ಆಗ ಐದನ್ನು ಹತ್ತು ಮಾಡುತ್ತಾರೆ, ಹತ್ತನ್ನು ಇಪ್ಪತ್ತು. ಕೇಳಬೇಕಾದ ಪ್ರಶ್ನೆ ‘ಎಷ್ಟು ಹೊತ್ತು’ ಎಂಬುದಲ್ಲ, ‘ಏನಾಗುವ ತನಕ’ ಎಂಬುದು. ‘ಕೋಷ್ಟಕದಲ್ಲಿ ಒಂದಾದರೂ ಸಾಲು ಬರುವ ತನಕ, ಹೆಚ್ಚೆಂದರೆ 20 ಸೆಕೆಂಡು’ ಎಂದು ಷರತ್ತನ್ನು ಬರೆದರೆ, ಪೈಥಾನಿನ ಸೆಲೀನಿಯಮ್ ಅರ್ಧ ಸೆಕೆಂಡಿಗೊಮ್ಮೆ ಇಣುಕಿ ನೋಡಿ, ಸಾಲು ಬಂದ ಕೂಡಲೇ ಮುಂದೆ ಹೋಗುತ್ತದೆ. ಷರತ್ತನ್ನು ಆರಿಸುವುದರಲ್ಲಿಯೂ ಎಚ್ಚರ ಬೇಕು, ಏಕೆಂದರೆ ಕೋಷ್ಟಕದ ಚೌಕಟ್ಟು ಬಂದೊಡನೆ ಸಾಲುಗಳೂ ಬಂದಿವೆ ಎಂದೇನಿಲ್ಲ. ಎಡವುವ ಇನ್ನೊಂದು ಜಾಗ: ಎಲ್ಲ ಹುಡುಕಾಟಕ್ಕೂ ಅನ್ವಯಿಸುವ ಇಂಪ್ಲಿಸಿಟ್ ವೇಟ್ ಮತ್ತು ಒಂದೊಂದು ಷರತ್ತಿಗೆ ಬರೆಯುವ ಎಕ್ಸ್‌ಪ್ಲಿಸಿಟ್ ವೇಟ್ ಎರಡನ್ನೂ ಬೆರೆಸಬೇಡಿ ಎಂದು ಸೆಲೀನಿಯಮ್‌ನ ಕೈಪಿಡಿಯೇ ಎಚ್ಚರಿಸುತ್ತದೆ, ಹತ್ತು ಸೆಕೆಂಡಿನ ಒಂದು, ಹದಿನೈದರ ಇನ್ನೊಂದು ಸೇರಿದರೆ ಟೈಮ್‌ಔಟ್ ಇಪ್ಪತ್ತನೆಯ ಸೆಕೆಂಡಿಗೆ ಬೀಳಬಹುದು.

ಇದೇ ಕುಲದ ಇನ್ನೊಂದು ಎರರ್ ‘ಸ್ಟೇಲ್ ಎಲಿಮೆಂಟ್ ರೆಫರೆನ್ಸ್’. ಇದು ಹೊಸಬರನ್ನು ಕಂಗೆಡಿಸುವಷ್ಟು ಬೇರೆ ಯಾವುದೂ ಕಂಗೆಡಿಸುವುದಿಲ್ಲ, ಏಕೆಂದರೆ ಎಲಿಮೆಂಟ್ ಸಿಕ್ಕಿತ್ತು, ಮೇಲಿನ ಸಾಲಿನಲ್ಲಿ ಅದರ ಹೆಸರನ್ನೂ ಮುದ್ರಿಸಿ ನೋಡಿಯಾಗಿತ್ತು, ಕೆಳಗಿನ ಸಾಲಿನಲ್ಲಿ ಅದು ಹಳಸಿತು ಎಂದರೆ ನಂಬುವುದು ಹೇಗೆ? ಡ್ರೈವರ್ ಸ್ಕ್ರಿಪ್ಟಿನ ಕೈಗೆ ಕೊಡುವುದು ಎಲಿಮೆಂಟನ್ನಲ್ಲ, ಅದರ ಗುರುತಿನ ಚೀಟಿಯನ್ನು, ಅಕ್ಷರ ಅಂಕಿಗಳ ಒಂದು ಉದ್ದನೆಯ ಸರವನ್ನು. ಹತ್ತು ಸಾಲುಗಳಿಗೆ ಹತ್ತು ಚೀಟಿ ತೆಗೆದುಕೊಂಡಿರಿ, ಮೊದಲ ಸಾಲಿನ ‘ವಿವರ’ ಬಟನ್ ಒತ್ತಿದಿರಿ. ಅಷ್ಟರಲ್ಲಿ ಪುಟದ ಜಾವಾಸ್ಕ್ರಿಪ್ಟ್ ಇಡೀ ಪಟ್ಟಿಯನ್ನು ಕಿತ್ತು, ಅದರ ಜಾಗದಲ್ಲಿ ತದ್ರೂಪಿಯಾದ ಹೊಸ ಪಟ್ಟಿಯನ್ನು ಕಟ್ಟಿತು. ಕಣ್ಣಿಗೆ ಏನೂ ಬದಲಾಗಲಿಲ್ಲ. ಆದರೆ ನಿಮ್ಮ ಕೈಯಲ್ಲಿ ಉಳಿದ ಒಂಬತ್ತು ಚೀಟಿಗಳೂ ಕೆಡವಿದ ಮನೆಗಳ ವಿಳಾಸಗಳಾದವು. ಇದಕ್ಕೆ ಪರಿಹಾರ ಎರಡು ಬಗೆ: ಬೇಕಾದ ಪಠ್ಯವನ್ನೂ ಕೊಂಡಿಗಳನ್ನೂ ಬಟನ್ ಒತ್ತುವ ಮುಂಚೆಯೇ ಓದಿಟ್ಟುಕೊಳ್ಳುವುದು, ಇಲ್ಲವೆ ಪ್ರತಿ ಸುತ್ತಿನಲ್ಲಿ ಎಲಿಮೆಂಟನ್ನು ಹೊಸದಾಗಿ ಹುಡುಕುವುದು. ಪ್ಲೇರೈಟ್‌ನ ಲೊಕೇಟರ್ ಎರಡನೆಯದನ್ನು ತಾನೇ ಮಾಡುತ್ತದೆ. ಅದು ಚೀಟಿಯನ್ನು ಇಟ್ಟುಕೊಳ್ಳುವುದಿಲ್ಲ, ಹುಡುಕುವ ವಿಧಾನವನ್ನು ಮಾತ್ರ ನೆನಪಿಡುತ್ತದೆ. ಕ್ಲಿಕ್ ಮಾಡುವ ಮುಂಚೆ ಎಲಿಮೆಂಟ್ ಗೋಚರವಾಗಿದೆಯೇ, ಎರಡು ಸತತ ಫ್ರೇಮುಗಳಲ್ಲಿ ಅಲುಗದೆ ನಿಂತಿದೆಯೇ ಎಂದೂ ಪರೀಕ್ಷಿಸುತ್ತದೆ.

‘ಕ್ಲಿಕ್ ಇಂಟರ್‌ಸೆಪ್ಟೆಡ್’ ಎಂಬ ಎರರ್ ನನಗೆ ಪ್ರಿಯವಾದದ್ದು, ಏಕೆಂದರೆ ಅದು ಪ್ರಾಮಾಣಿಕವಾದದ್ದು. ನೀವು ಒತ್ತಹೊರಟ ಬಟನ್‌ನ ಮೇಲೆ ಇನ್ನೇನೋ ಹೊದ್ದುಕೊಂಡಿದೆ ಎಂದು ಹೇಳಿ ಸುಮ್ಮನಾಗದೆ, ಆ ಹೊದಿಕೆ ಯಾವುದೆಂಬುದನ್ನೂ ಕ್ರೋಮ್‌ನ ಡ್ರೈವರ್ ಸಂದೇಶದ ಕೊನೆಯಲ್ಲಿ ಬರೆದಿರುತ್ತದೆ. ಓದುವ ವ್ಯವಧಾನ ಇಲ್ಲದಿರುವುದು ನಮಗೇ. ಅದು ಕುಕಿ ಒಪ್ಪಿಗೆಯ ಪಟ್ಟಿ ಇರಬಹುದು, ತಿರುಗುತ್ತಿರುವ ಲೋಡಿಂಗ್ ಚಕ್ರ ಇರಬಹುದು. ಅದನ್ನು ಮುಚ್ಚುವ ಅಥವಾ ಹೋಗುವ ತನಕ ಕಾಯುವ ಬದಲು, ಜಾವಾಸ್ಕ್ರಿಪ್ಟ್ ಮೂಲಕ ಬಲವಂತವಾಗಿ ಕ್ಲಿಕ್ ಮಾಡಿಸುವ ಅಡ್ಡದಾರಿಯನ್ನು ಬಹಳ ಜನ ಹಿಡಿಯುತ್ತಾರೆ. ಆ ಕ್ಲಿಕ್ ಹೊದಿಕೆಯನ್ನು ತೂರಿಕೊಂಡು ಹೋಗುವುದು ನಿಜ. ಆದರೆ ಲೋಡಿಂಗ್ ಮುಗಿಯದ ಪುಟದಲ್ಲಿ ಅದನ್ನು ಮಾಡಿದರೆ, ಎರರ್ ಈ ಸಾಲಿನಿಂದ ಮಾಯವಾಗಿ ಹತ್ತು ಸಾಲು ಕೆಳಗೆ ಬೇರೆ ವೇಷದಲ್ಲಿ ಬರುತ್ತದೆ.

‘ನನ್ನ ಕಂಪ್ಯೂಟರಿನಲ್ಲಿ ಓಡುತ್ತದೆ, ಸರ್ವರಿನಲ್ಲಿ ಓಡುವುದಿಲ್ಲ’ ಎಂಬ ಹಳೆಯ ಗೋಳಿಗೆ ಇಲ್ಲಿ ಬಹಳ ಸರಳ ಕಾರಣವೊಂದಿದೆ. ಕಿಟಕಿಯಿಲ್ಲದೆ ಓಡುವ ಹೆಡ್‌ಲೆಸ್ ಬ್ರೌಸರಿಗೂ ಒಂದು ಅಳತೆಯಿದೆ. ಪಪೆಟಿಯರ್‌ನಲ್ಲಿ ನೀವು ಏನೂ ಹೇಳದಿದ್ದರೆ ಪುಟದ ಅಳತೆ 800ಕ್ಕೆ 600 ಪಿಕ್ಸೆಲ್. ಅಷ್ಟು ಕಿರಿದಾದ ಜಾಗದಲ್ಲಿ ಅನೇಕ ಪುಟಗಳು ಮೊಬೈಲಿನ ರೂಪ ತಾಳಿ, ಮೆನುವನ್ನೆಲ್ಲ ಮೂರು ಗೆರೆಯ ಗುರುತಿನೊಳಗೆ ಮಡಚಿಡುತ್ತವೆ. ದೊಡ್ಡ ಪರದೆಯಲ್ಲಿ ಕಂಡ ಬಟನ್ ಅಲ್ಲಿ ಮರೆಯಾಗಿರುವುದು ಅದಕ್ಕೇ. ಐಫ್ರೇಮ್‌ನೊಳಗೆ ಅಥವಾ ಶ್ಯಾಡೋ ಡಾಮ್‌ನೊಳಗೆ ಇರುವ ಎಲಿಮೆಂಟ್ ಸೆಲೀನಿಯಮ್‌ಗೆ ಸಿಗದಿರುವುದು ಬೇರೆ ಸಂಗತಿ; ಅದು ಪುಟದೊಳಗಿನ ಪ್ರತ್ಯೇಕ ಕೋಣೆ, ಮೊದಲು ಒಳಗೆ ಹೋಗಿ ಆಮೇಲೆ ಹುಡುಕಬೇಕು.

ಟೈಮ್‌ಔಟ್ ಎಂಬ ಪದ ಮಾತ್ರ ಏನನ್ನೂ ಹೇಳುವುದಿಲ್ಲ. ಕಾಯುವಷ್ಟು ಕಾದೆ, ಬರಲಿಲ್ಲ, ಅಷ್ಟೇ. ಸೆಲೆಕ್ಟರ್ (ಎಲಿಮೆಂಟನ್ನು ಹುಡುಕಲು ನೀವು ಬರೆದ ಗುರುತು) ತಪ್ಪಿರಬಹುದು, ಪುಟ ನಿಧಾನವಿರಬಹುದು, ಬೇರೆ ಪುಟವೇ ತೆರೆದಿರಬಹುದು. ಆದ್ದರಿಂದ ಎರರ್ ಬಂದ ಗಳಿಗೆಯಲ್ಲಿಯೇ ಮೂರು ಸಾಕ್ಷ್ಯಗಳನ್ನು ಹಿಡಿದಿಡುವ ನಾಲ್ಕು ಸಾಲಿನ ಕೋಡ್ ಅನ್ನು ಸ್ಕ್ರಿಪ್ಟಿಗೆ ಮೊದಲ ದಿನವೇ ಸೇರಿಸಬೇಕೆಂಬುದು ನನ್ನ ಹಟ: ಪರದೆಯ ಸ್ಕ್ರೀನ್‌ಶಾಟ್, ಆ ಹೊತ್ತಿನ ಎಚ್‌ಟಿಎಂಎಲ್, ಆ ಹೊತ್ತಿನ ವಿಳಾಸ. ನೀವು ಬೆಳಿಗ್ಗೆ ತೆರೆದು ನೋಡುವ ಪುಟ ರಾತ್ರಿ ಸ್ಕ್ರಿಪ್ಟ್ ಕಂಡ ಪುಟವಲ್ಲ. ಎಷ್ಟೋ ಸಲ ಸ್ಕ್ರೀನ್‌ಶಾಟಿನಲ್ಲಿ ಲಾಗಿನ್ ಪುಟ ಕಾಣುತ್ತದೆ, ಅಲ್ಲಿಗೆ ಅರ್ಧ ದಿನದ ತನಿಖೆ ಒಂದು ನೋಟಕ್ಕೆ ಮುಗಿಯುತ್ತದೆ. ಸೆಲೆಕ್ಟರಿನ ಮೇಲೆಯೇ ಅನುಮಾನವಿದ್ದರೆ ಸ್ಕ್ರಿಪ್ಟನ್ನು ಮತ್ತೆ ಮತ್ತೆ ಓಡಿಸದೆ, ಅದನ್ನು ಬ್ರೌಸರಿನ ಕನ್ಸೋಲಿನಲ್ಲಿ ಹಾಕಿ ಎಷ್ಟು ಎಲಿಮೆಂಟ್ ಸಿಗುತ್ತವೆ ಎಂದು ಎಣಿಸಿ. ಸೊನ್ನೆ ಬಂದರೆ ಸೆಲೆಕ್ಟರ್ ತಪ್ಪು, ಒಂದರ ಜಾಗದಲ್ಲಿ ಏಳು ಬಂದರೆ ಅದು ಸಡಿಲ.

ಆ ಸ್ಕ್ರೀನ್‌ಶಾಟಿನಲ್ಲಿ ‘ನೀವು ಮನುಷ್ಯರೇ’ ಎಂಬ ಪ್ರಶ್ನೆ ಕಂಡರೆ, ಅಥವಾ ಸರ್ವರ್ 403 (ಪ್ರವೇಶವಿಲ್ಲ) ಇಲ್ಲವೇ 429 ಎಂಬ ಸಂಖ್ಯೆಯನ್ನು ಕಳಿಸಿದ್ದರೆ, ಅದು ದುರಸ್ತಿ ಮಾಡಬೇಕಾದ ದೋಷವೇ ಅಲ್ಲ, ಅದು ಉತ್ತರ. 429ರ ಅರ್ಥ ‘ನೀವು ಅತಿಯಾಗಿ ಕೇಳುತ್ತಿದ್ದೀರಿ’ ಎಂದು, ಮತ್ತು ಎಷ್ಟು ಹೊತ್ತು ಬಿಟ್ಟು ಬರಬೇಕೆಂಬುದನ್ನು ‘ರಿಟ್ರೈ ಆಫ್ಟರ್’ ಎಂಬ ಹೆಡರಿನಲ್ಲಿ ಸರ್ವರ್ ಹೇಳಬಹುದು. ಆಟೊಮೇಷನ್‌ನಲ್ಲಿರುವ ಬ್ರೌಸರ್ ತನ್ನ ಗುರುತನ್ನು ಪುಟಕ್ಕೆ ತಿಳಿಸುವ ವ್ಯವಸ್ಥೆ ವೆಬ್‌ಡ್ರೈವರ್ ಮಾನಕದಲ್ಲಿಯೇ ಇದೆ: ಪುಟ ಕೇಳಿದರೆ ‘ಹೌದು, ನನ್ನನ್ನು ನಡೆಸುತ್ತಿರುವುದು ಪ್ರೋಗ್ರಾಮ್’ ಎಂದು ಹೇಳುವ ಸೂಚಕವೊಂದಿದೆ. ಅದನ್ನು ಅಡಗಿಸುವ ತಂತ್ರಗಳ ಬೆನ್ನು ಹತ್ತುವುದರಲ್ಲಿ ನನಗೆ ಆಸಕ್ತಿಯಿಲ್ಲ. 1994ರಿಂದ ಬಳಕೆಯಲ್ಲಿದ್ದು 2022ರಲ್ಲಿ ಅಧಿಕೃತ ಮಾನಕವಾದ, ಜಾಲತಾಣದ ಯಾವ ಭಾಗಕ್ಕೆ ಪ್ರೋಗ್ರಾಮುಗಳು ಬರಬಹುದೆಂದು ಹೇಳುವ ರೋಬಾಟ್ಸ್ ಫೈಲಿನಲ್ಲಿ ಏನು ಬರೆದಿದೆ ಎಂದು ಓದುವುದು, ವೇಗ ತಗ್ಗಿಸುವುದು, ಅದೇ ದತ್ತಾಂಶವನ್ನು ಅವರು ಎಪಿಐ (ಪ್ರೋಗ್ರಾಮುಗಳು ದತ್ತಾಂಶವನ್ನು ನೇರವಾಗಿ ಕೇಳಿ ಪಡೆಯುವ ಬಾಗಿಲು) ಮೂಲಕ ಕೊಡುತ್ತಾರೆಯೇ ಎಂದು ವಿಚಾರಿಸುವುದು, ಇವು ಬಾಳಿಕೆ ಬರುವ ದಾರಿಗಳು. ಎಪಿಐ ಇದ್ದರೆ ಈವರೆಗೆ ಹೇಳಿದ ಅರ್ಧಕ್ಕರ್ಧ ತೊಂದರೆಗಳು ಇಲ್ಲವೇ ಇಲ್ಲ.

ಇಷ್ಟಾಗಿಯೂ ಎರರ್ ಕೊಟ್ಟು ನಿಲ್ಲುವ ಸ್ಕ್ರಿಪ್ಟ್ ಒಳ್ಳೆಯದು. ಕೆಟ್ಟದ್ದು, ನಗುನಗುತ್ತಾ ತಪ್ಪನ್ನು ಬರೆದಿಡುವ ಸ್ಕ್ರಿಪ್ಟ್. ಪುಟದಲ್ಲಿರುವ ಒಂದು ಪದವನ್ನು ಹೋಲಿಸಿ ನೋಡುತ್ತೀರಿ. ಕಣ್ಣಿಗೆ ಎರಡೂ ಒಂದೇ, ಆದರೆ ಪುಟದವರು ಪದಗಳ ನಡುವೆ ಸಾಮಾನ್ಯ ಖಾಲಿ ಜಾಗದ ಬದಲು ಸಾಲು ಮುರಿಯದ ಖಾಲಿ ಜಾಗವೆಂಬ ಬೇರೆಯೇ ಅಕ್ಷರವನ್ನು ಇಟ್ಟಿದ್ದಾರೆ, ಹೋಲಿಕೆ ವಿಫಲವಾಗಿ ಆ ಸಾಲುಗಳೆಲ್ಲ ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಎಲ್ಲ ಎರರ್‌ಗಳನ್ನೂ ಹಿಡಿದು ನುಂಗುವ ‘ಟ್ರೈ’ ಬ್ಲಾಕ್ ಇದ್ದರಂತೂ ಫೈಲ್ ಖಾಲಿಯಾಗಿದ್ದರೂ ಲಾಗಿನಲ್ಲಿ ‘ಯಶಸ್ವಿ’ ಎಂದೇ ಇರುತ್ತದೆ.

ನನ್ನದೇ ಒಂದು ಸ್ಕ್ರಿಪ್ಟ್ ಹೀಗೆ ಹಲವು ದಿನ ಏಮಾರಿಸಿತ್ತು. ಅದು ‘ಇಂದಿನ’ ಅಂಕಿಅಂಶಗಳ ಕೋಷ್ಟಕವನ್ನು ನಡುರಾತ್ರಿ ದಾಟಿದ ಮೇಲೆ ಓದುತ್ತಿತ್ತು. ಸಾಲುಗಳು ಪೂರ್ತಿ ಬರುತ್ತಿದ್ದವು, ಎರರ್ ಒಂದೂ ಇರಲಿಲ್ಲ. ನನ್ನ ಕಂಪ್ಯೂಟರಿನಿಂದ ಬಾಡಿಗೆ ಸರ್ವರಿಗೆ ಅದನ್ನು ಸಾಗಿಸಿದ ದಿನದಿಂದ ಪ್ರತಿ ದಿನಾಂಕದ ಎದುರು ಅದರ ಹಿಂದಿನ ದಿನದ ಅಂಕಿಗಳು ಬರುತ್ತಿರುವುದನ್ನು ಯಾರೋ ತೋರಿಸಿದ ಮೇಲೆಯೇ ನಾನು ಪುಟದ ಕೋಡನ್ನು ಬಿಚ್ಚಿ ನೋಡಿದ್ದು. ‘ಇಂದು’ ಎಂದರೆ ಯಾವ ದಿನವೆಂದು ಆ ಪುಟ ಕೇಳುತ್ತಿದ್ದದ್ದು ಬ್ರೌಸರನ್ನು. ಸರ್ವರಿನ ಬ್ರೌಸರ್ ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಕಾಲಮಾನದಲ್ಲಿತ್ತು, ಅಲ್ಲಿ ಇನ್ನೂ ನಿನ್ನೆಯೇ ನಡೆಯುತ್ತಿತ್ತು. ಬ್ರೌಸರನ್ನು ತೆರೆಯುವಾಗಲೇ ಕಾಲವಲಯವನ್ನು ನಿಗದಿಪಡಿಸುವ ಒಂದು ಸಾಲು ಸೇರಿಸಿದೆ. ಅದರ ಕೆಳಗೆ, ಕೋಷ್ಟಕದ ತಲೆಯಲ್ಲಿ ಅಚ್ಚಾಗಿರುವ ದಿನಾಂಕ ಬೇಕಾದ ದಿನಾಂಕಕ್ಕೆ ಹೊಂದದಿದ್ದರೆ ಏನನ್ನೂ ಬರೆಯದೆ ಎರರ್ ಕೊಟ್ಟು ನಿಲ್ಲು ಎಂಬ ಇನ್ನೊಂದು ಸಾಲು.