ಕಿಸೆಯ ಚಾಕು: ಸ್ಟೀಲಿನ ಪ್ರಶ್ನೆ ಕೊನೆಗಿರಲಿ

"ಯಾವ ಸ್ಟೀಲ್ ರೀ ಇದು?" ದಾವಣಗೆರೆಯ ನಮ್ಮ ವರ್ಕ್‌ಶಾಪಿಗೆ ಒರೆಯಲ್ಲಿಟ್ಟು ಕಿಸೆಗೆ ಹಾಕುವ, ಮಡಚದ ಸಣ್ಣ ಚಾಕು ಕೇಳಿಕೊಂಡು ಬರುವವರ ಮೊದಲ ಮಾತು ಇದೇ. ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಬಂದಿರುತ್ತಾರೆ. ಡಿ2, 440ಸಿ ಎಂದು ಸ್ಟೀಲಿನ ಹೆಸರುಗಳು ಬಾಯಲ್ಲೇ ಇರುತ್ತವೆ. ನಾನು ಕೇಳುವುದು ಬೇರೆ. ದಿನಾ ಹಾಕುವ ಪ್ಯಾಂಟ್ ಯಾವುದು? ಅದರ ಕಿಸೆ ಎಷ್ಟು ಆಳ? ಬೈಕ್ ಮೇಲೆ ಓಡಾಟ ಜಾಸ್ತಿಯಾ? ಇವೇನು ಟೈಲರ್ ಕೇಳೋ ಪ್ರಶ್ನೆ ಅಂತ ಕೆಲವರು ನಗುತ್ತಾರೆ. ಆದರೆ ಕೊಂಡ ಚಾಕು ವರ್ಷವಾದ ಮೇಲೂ ಕಿಸೆಯಲ್ಲಿರುತ್ತದೋ ಮನೆಯ ಡ್ರಾಯರ್ ಸೇರುತ್ತದೋ ಎನ್ನುವುದು ಇಲ್ಲೇ ತೀರ್ಮಾನವಾಗುತ್ತದೆ. ನಾನು ನೋಡಿದ ಮಟ್ಟಿಗೆ, ಸ್ಟೀಲ್ ಸರಿ ಇಲ್ಲ ಅಂತ ಚಾಕು ಬಿಟ್ಟವರು ಕಡಿಮೆ. ತೊಡೆಗೆ ಒತ್ತುತ್ತದೆ, ಒರೆಯಿಂದ ಜಾರುತ್ತದೆ ಅಂತ ಬಿಟ್ಟವರೇ ಹೆಚ್ಚು.

ಮಡಚುವ ಚಾಕು ಇರುವಾಗ ಮಡಚದ್ದು ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆ. ಪಾರ್ಸೆಲ್ ಬಿಚ್ಚಲು, ಹಣ್ಣು ಹೆಚ್ಚಲು ಮಡಚುವುದೇ ಸಾಕು. ತೋಟದ ಮಾತು ಬೇರೆ. ಕೀಲಿನ ಸಂದಿಗೆ ಮಣ್ಣು, ಹಣ್ಣಿನ ರಸ, ಅಂಟು ಸೇರುತ್ತವೆ. ಲಾಕ್ ಸವೆದರೆ ಅಲಗು ಬಂದು ಬೀಳುವುದು ಬೆರಳಿನ ಮೇಲೆ. ಮಡಚದ ಚಾಕುವಿಗೆ ಕೀಲೇ ಇಲ್ಲ. ನಲ್ಲಿಯ ಕೆಳಗೆ ಹಿಡಿದು ಒರೆಸಿದರೆ ಆಯಿತು.

ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ ಬೆಳೆಗಾರರಿಗೆ ಇದು ಇನ್ನೂ ಮುಖ್ಯ. ದುಂಡಾಣು ಅಂಗಮಾರಿ ರೋಗ ಕತ್ತರಿ, ಚಾಕುಗಳ ಮೂಲಕವೂ ಗಿಡದಿಂದ ಗಿಡಕ್ಕೆ ದಾಟುತ್ತದೆ. ಅದಕ್ಕೇ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಅಲಗನ್ನು ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಮಡಚುವ ಚಾಕುವನ್ನು ಹಾಗೆ ಅದ್ದಿದರೆ ಕೀಲಿನೊಳಗೆ ಉಳಿದ ದ್ರಾವಣ ಸ್ಪ್ರಿಂಗನ್ನೇ ತಿನ್ನುತ್ತದೆ. ಮಡಚದ್ದನ್ನೂ ಕೆಲಸ ಮುಗಿದ ಕೂಡಲೇ ತೊಳೆದು ಒಣಗಿಸಿ. ಸ್ಟೇನ್‌ಲೆಸ್ ಆದರೂ ಆ ದ್ರಾವಣ ಚುಕ್ಕೆ ಚುಕ್ಕೆ ತುಕ್ಕು ಎಬ್ಬಿಸುತ್ತದೆ. ಕಸಿ ಕಟ್ಟುವ ಚಾಕುವಿನ ಕಥೆ ಬೇರೆ, ಅದಕ್ಕೆ ಸಾಮಾನ್ಯವಾಗಿ ಒಂದೇ ಬದಿ ಸಾಣೆ. ಅದನ್ನು ಗೊಬ್ಬರದ ಚೀಲಕ್ಕೆ ಹಚ್ಚಬೇಡಿ.

ಅಳತೆಗೆ ಬರೋಣ. ಅಲಗು ಎರಡೂವರೆಯಿಂದ ಮೂರು ಇಂಚು, ಅಂದರೆ 65ರಿಂದ 75 ಮಿಲಿಮೀಟರ್. ಒಟ್ಟು ಉದ್ದ ಆರು, ಹೆಚ್ಚೆಂದರೆ ಆರೂವರೆ ಇಂಚು. ಒರೆ ಸೇರಿಸಿ ತೂಕ 100 ಗ್ರಾಂ ದಾಟದಿದ್ದರೆ ಒಳ್ಳೆಯದು. ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಅದೇ ಅಳತೆಗೆ ರಟ್ಟು ಕತ್ತರಿಸಿ, ಎರಡು ಮೂರು ಪದರ ಅಂಟಿಸಿ, ನಾಲ್ಕು ದಿನ ಕಿಸೆಯಲ್ಲಿ ಇಟ್ಟುಕೊಂಡು ಓಡಾಡಿ. ಬಸ್ಸಿನ ಸೀಟಿನಲ್ಲಿ ಕೂತು ನೋಡಿ. ಬೈಕ್ ಕಿಕ್ ಹೊಡೆದು ನೋಡಿ. ಕುಕ್ಕರಗಾಲಲ್ಲಿ ಕೂತಾಗ ತೊಡೆಸಂದಿಗೆ ಚುಚ್ಚಿದರೆ ಅರ್ಧ ಇಂಚು ಕಡಿಮೆ ಮಾಡಿ. ಪಂಚೆ ಉಡುವ ಹಿರಿಯರ ಕಿಸೆ ಇರುವುದು ಪಟ್ಟಾಪಟ್ಟಿ ಚಡ್ಡಿಯಲ್ಲಿ. ಅದು ಆಳ ಇದ್ದರೂ ಬಟ್ಟೆ ತೆಳು, ಜೊತೆಗೆ ದುಡ್ಡೂ ಅದರಲ್ಲೇ. ಅವರಿಗೆ ಮೂಲೆ ಉರುಟಾದ, ಅಗಲವಾದ ಒರೆ ಬೇಕು. ಷರ್ಟಿನ ಕಿಸೆ ಮಾತ್ರ ಯಾರಿಗೂ ಬೇಡ. ಬಗ್ಗಿದರೆ ಚಾಕು ಬೀಳುವುದು ಕಾಲಿನ ಮೇಲೋ ಬಾವಿಯೊಳಗೋ.

ಈಗ ಒರೆ. ಜನ ಇದನ್ನು ಚಾಕುವಿನ ಜೊತೆ ಸುಮ್ನೆ ಬರುವ ಕವರ್ ಅಂದುಕೊಳ್ಳುತ್ತಾರೆ. ಕಿಸೆಯ ಚಾಕುವಿನ ಮಟ್ಟಿಗೆ ಅರ್ಧ ಬೆಲೆ ಅದಕ್ಕೇ ಕೊಡಬೇಕು ಅನ್ನುವವನು ನಾನು. ಯಾಕೆಂದರೆ ಅಲಗಿಗೂ ನಿಮ್ಮ ತೊಡೆಗೂ ನಡುವೆ ಇರುವುದು ಅದೊಂದೇ. ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಚಾಕು ಒಳಗಿಟ್ಟು, ಗೋಣಿಚೀಲದ ಮೇಲೆ ತಲೆಕೆಳಗಾಗಿ ಹಿಡಿದು ಜೋರಾಗಿ ಕೊಡವಿ. ಬಿದ್ದರೆ ಬೇಡ. ಬೀಳದಿದ್ದರೆ ಒರೆಯ ತುದಿಯನ್ನು ಬೆರಳಿನಿಂದ ಒತ್ತಿ ನೋಡಿ, ಮೊನೆ ತಾಗಬಾರದು. ಆಮೇಲೆ ಕಿಸೆಯಲ್ಲಿಟ್ಟು ಒಂದೇ ಕೈಯಲ್ಲಿ ಎಳೆಯಿರಿ. ಬಹಳಷ್ಟು ಚಾಕುಗಳು ಸೋಲುವುದು ಇಲ್ಲೇ. ಒರೆ ಸಮೇತ ಹೊರಗೆ ಬರುತ್ತವೆ. ಒರೆ ಕಿಸೆಯಲ್ಲೇ ಉಳಿಯಬೇಕಾದರೆ ಕಿಸೆಯ ಅಂಚಿಗೆ ಸಿಕ್ಕಿಕೊಳ್ಳುವ ಕ್ಲಿಪ್ ಬೇಕು. ಇಲ್ಲವೇ ಒರೆಗೆ ಒಂದು ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ಬೆಲ್ಟಿನ ಪಟ್ಟಿಗೆ ಕಟ್ಟಿ. ಎಳೆದಾಗ ದಾರ ಬಿಗಿಯಾಗುತ್ತದೆ, ಚಾಕು ಮಾತ್ರ ಬರುತ್ತದೆ.

ಚರ್ಮದ ಒರೆ ನೋಡಲು ಚೆಂದ, ಕಿಸೆಗೂ ಮೆತ್ತಗೆ. ಆದರೆ ಅದು ಬೆವರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಚರ್ಮ ಹದ ಮಾಡುವಾಗ ಬಳಸಿದ ಲವಣ, ಆಮ್ಲಗಳ ಅಂಶವೂ ಅದರಲ್ಲಿ ಉಳಿದಿರಬಹುದು. ಮಳೆಗಾಲದಲ್ಲಿ ಚಾಕುವನ್ನು ಚರ್ಮದ ಒರೆಯಲ್ಲೇ ವಾರಗಟ್ಟಲೆ ಇಟ್ಟರೆ ತುಕ್ಕು ಖಚಿತ. ಕೈಡೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಅಲಗಿನ ಆಕಾರಕ್ಕೇ ಒತ್ತಿ ಮಾಡಿದ ಒರೆ ನೀರು ಕುಡಿಯುವುದಿಲ್ಲ. ಟಕ್ ಅಂತ ಕೂರುತ್ತದೆ. ಅದರ ದೋಷ ಒಂದೇ. ಒಳಗೆ ಮರಳಿನ ಕಣ ಸೇರಿದರೆ ಅಲಗಿನ ಮೇಲೆಲ್ಲ ಗೀರು. ಬುಡದಲ್ಲಿ ನೀರು ಬಸಿಯುವ ತೂತು ಇದ್ದರೆ ಆಗಾಗ ತೊಳೆದರೆ ಸಾಕು. ನನ್ನ ಓಟು ಕೈಡೆಕ್ಸ್‌ಗೆ.

ಹಿಡಿಯ ವಿಷಯ ಚಿಕ್ಕದು. ಉಕ್ಕಿನ ಪಟ್ಟಿ ಹಿಡಿಯ ತುದಿಯವರೆಗೂ ಒಂದೇ ತುಂಡಾಗಿ ಬಂದಿರಬೇಕು. ಕನಿಷ್ಠ ಮೂರು ಬೆರಳು ನೆಟ್ಟಗೆ ಕೂರಬೇಕು. ಅಲಗು ಶುರುವಾಗುವ ಕಡೆ ಬೆರಳು ತಡೆಯುವ ಉಬ್ಬು ಇಲ್ಲವೇ ತಗ್ಗು ಇರಲೇಬೇಕು. ಚುಚ್ಚುವಾಗ ಕೈ ಮುಂದೆ ಜಾರಿ ಅಲಗಿನ ಮೇಲೆ ಹೋಗುವುದು ಸಣ್ಣ ಚಾಕುವಿನ ದೊಡ್ಡ ಅಪಾಯ. ತೂಕ ಇಳಿಸಲು ಬರೀ ಉಕ್ಕಿಗೇ ತೂತು ಕೊರೆದು ಹಿಡಿ ಮಾಡಿದ ಚಾಕುಗಳು ಬರುತ್ತವೆ. ಚಳ್ಳಕೆರೆಯ ಏಪ್ರಿಲ್ ಬಿಸಿಲಲ್ಲಿ ಅಂಥದ್ದನ್ನು ಬದುವಿನ ಮೇಲೆ ಇಟ್ಟು ಮತ್ತೆ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಮರದ ಹಿಡಿ ಬೇಕೆನ್ನುವವರಿಗೆ ನಮ್ಮ ಹೊಲದ ಕರಿಜಾಲಿ ಏನೂ ಕಡಿಮೆಯಲ್ಲ. ಪೂರ್ತಿ ಒಣಗಿದ್ದಿರಬೇಕು ಅಷ್ಟೇ.

ಇನ್ನು ಅಲಗಿನ ದಪ್ಪ. ದಪ್ಪ ಇದ್ದಷ್ಟು ಗಟ್ಟಿ, ಗಟ್ಟಿ ಇದ್ದಷ್ಟು ಒಳ್ಳೆಯದು ಎಂಬ ನಂಬಿಕೆ ಮಚ್ಚಿನಿಂದ ಬಂದದ್ದು. ಮಚ್ಚು ಹೊಡೆಯುವ ಸಾಧನ. ಕಿಸೆಯ ಚಾಕು ಕೊಯ್ಯುವ ಸಾಧನ. ಬೆನ್ನಿನ ಕಡೆ 4 ಮಿಲಿಮೀಟರ್ ದಪ್ಪ ಇರುವ ಮೂರಿಂಚಿನ ಅಲಗು ಸೌತೆಕಾಯಿಯನ್ನು ಕೊಯ್ಯುವುದಿಲ್ಲ, ಸೀಳುತ್ತದೆ. ಡ್ರಿಪ್ ಪೈಪ್ ಕತ್ತರಿಸಿದರೆ ತುದಿ ಓರೆಯಾಗಿ, ಜಾಯಿಂಟರ್ ಕೂರದೆ ನೀರು ಸೋರುತ್ತದೆ. ಬೆನ್ನು 2ರಿಂದ 2.5 ಮಿಲಿಮೀಟರ್ ಇದ್ದರೆ ಧಾರಾಳವಾಯಿತು. ಅದಕ್ಕಿಂತ ಮುಖ್ಯವಾದದ್ದು ಹರಿತವಾದ ಅಂಚಿನ ಹಿಂದೆಯೇ, ಸಾಣೆ ಶುರುವಾಗುವ ಜಾಗದ ದಪ್ಪ. ಅಲ್ಲಿ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ಯಾವ ಸ್ಟೀಲ್ ಆದರೂ ಕೊಯ್ಯಲು ತಿಣುಕುತ್ತದೆ. ಅಲಗನ್ನು ಮೊನೆಯ ಕಡೆಯಿಂದ ನೋಡಿದರೆ ಬೆನ್ನಿನಿಂದ ಬಾಯಿಯವರೆಗೆ ನೇರವಾಗಿ ತೆಳುವಾಗುತ್ತಾ ಬಂದಿರಬೇಕು.

ಆಕಾರದಲ್ಲಿ ಎರಡು ಸಾಕು. ಬೆನ್ನು ಮೊನೆಯ ಕಡೆಗೆ ನಿಧಾನ ಇಳಿದು ಬರುವುದು ಒಂದು, ಎಲ್ಲಾ ಕೆಲಸಕ್ಕೂ ಆಗುತ್ತದೆ. ಬಾಯಿ ಸ್ಕೇಲಿನಂತೆ ನೆಟ್ಟಗಿದ್ದು ಬೆನ್ನೇ ಬಾಗಿ ಕೆಳಗೆ ಬರುವುದು ಇನ್ನೊಂದು. ಹಗ್ಗ, ಚೀಲ, ವೈರು, ಕುರಿಯ ಹಿಂಡಿನ ನಡುವಿನ ಕೆಲಸ ಇರುವವರಿಗೆ ಎರಡನೆಯದನ್ನೇ ಕೊಡುತ್ತೇನೆ, ಮೊನೆ ಚುಚ್ಚುವ ಭಯ ಕಡಿಮೆ. ಅಂದಹಾಗೆ, ಮೆಕ್ಕೆಜೋಳದ ಚೀಲದ ಹೊಲಿಗೆ ಬಿಚ್ಚಲು ಚಾಕುವೇ ಬೇಕಿಲ್ಲ. ಸರಿಯಾದ ತುದಿಯ ದಾರ ಹಿಡಿದು ಎಳೆದರೆ ಸರ್ರಂತ ಬಿಚ್ಚಿಕೊಳ್ಳುತ್ತದೆ. ಎಪಿಎಂಸಿ ಹಮಾಲರನ್ನು ಕೇಳಿ. ಎರಡೂ ಕಡೆ ಬಾಯಿ ಇರುವ ಚೂರಿ ಕೇಳುವ ಹುಡುಗರೂ ಬರುತ್ತಾರೆ. ನಾನು ಮಾಡಿಕೊಡುವುದಿಲ್ಲ. ಬೆನ್ನಿನ ಮೇಲೆ ಹೆಬ್ಬೆರಳು ಇಡಲು ಜಾಗವಿಲ್ಲದ ಚಾಕುವಿನಿಂದ ಯಾವ ಕೆಲಸವೂ ಆಗದು. "ಸೇಫ್ಟಿಗೆ ಇರ್ಲಿ ಸಾರ್" ಅನ್ನುವವರಿಗೆ ಹೇಳುವುದು ಒಂದೇ: ಆ ಕಾರಣಕ್ಕಾದರೆ ಚಾಕುವೇ ಬೇಡ.

ಈಗ ಸ್ಟೀಲ್. ಬೆವರುವ ಕಿಸೆ, ಮರೆಯುವ ಮನುಷ್ಯ ಆದರೆ ಸ್ಟೇನ್‌ಲೆಸ್ ತೆಗೆದುಕೊಳ್ಳಿ. ಸ್ವೀಡನ್ ಮೂಲದ 14ಸಿ28ಎನ್‌ನಲ್ಲಿ ಕ್ರೋಮಿಯಂ ಸುಮಾರು 14%, ಇಂಗಾಲ 0.6% ಆಸುಪಾಸು. ತೆಳುವಾಗಿ ಸಾಣೆ ಹಿಡಿದರೂ ಬಾಯಿ ಚಕ್ಕೆ ಏಳುವುದಿಲ್ಲ, ಮನೆಯಲ್ಲೇ ಮಸೆಯಲು ಸುಲಭ. ಡಿ2 ಹರಿತವನ್ನು ಹೆಚ್ಚು ದಿನ ಉಳಿಸಿಕೊಳ್ಳುತ್ತದೆ. ಆದರೆ ಅದು ಪೂರ್ತಿ ಸ್ಟೇನ್‌ಲೆಸ್ ಅಲ್ಲ, ಮೊಂಡಾದ ಮೇಲೆ ಸಾದಾ ಕಲ್ಲಿಗೆ ಬೇಗ ಬಗ್ಗುವುದೂ ಇಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಾದಿಂದ ಕುಲುಮೆಯಲ್ಲಿ ತಟ್ಟಿದ ಚಾಕು ಚೆನ್ನಾಗಿ ಹದವಾಗಿದ್ದರೆ ಯಾವ ಬ್ರಾಂಡಿಗೂ ತಲೆ ತಗ್ಗಿಸಬೇಕಿಲ್ಲ. ಹ್ಯಾಕ್ಸಾ ಬ್ಲೇಡಿನಿಂದ ಮಾಡಿದ್ದು ಮಾತ್ರ ನಂಬಬೇಡಿ. ಈಗಿನ ಬೈಮೆಟಲ್ ಬ್ಲೇಡುಗಳಲ್ಲಿ ಗಡಸು ಇರುವುದು ಹಲ್ಲಿನಲ್ಲಿ ಮಾತ್ರ, ಬೆನ್ನು ಬಳುಕುವ ಉಕ್ಕು.

ಚನ್ನಗಿರಿ ಕಡೆಯವರ ಒಂದು ದೂರು ಮೇಲಿಂದ ಮೇಲೆ ಬರುತ್ತದೆ: "ಹೊಸ ಚಾಕು, ಅಡಿಕೆ ಕೊಯ್ದ ಕೂಡ್ಲೇ ಕಪ್ಪಾತು." ಇದು ತುಕ್ಕಲ್ಲ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು. ದಾಳಿಂಬೆ ಸಿಪ್ಪೆಯೂ ಹಾಗೇ ಮಾಡುತ್ತದೆ. ಕಾರ್ಬನ್ ಸ್ಟೀಲಿನ ಮೇಲೆ ಅದು ಕೂತರೆ ಕೂರಲಿ, ಉಜ್ಜಿ ತೆಗೆಯಬೇಡಿ. ತೆಗೆಯಬೇಕಾದದ್ದು ಕೆಂಪು ತುಕ್ಕನ್ನು. ಅದು ಬರುವುದು ಬೆವರಿನ ಉಪ್ಪಿನಿಂದ. ರಾತ್ರಿ ಒರೆಸಿ ಒಂದು ಹನಿ ಎಣ್ಣೆ ಸವರಿದರೆ ಸಾಕು. ಅಡುಗೆ ಎಣ್ಣೆಗಳಲ್ಲಿ ಹಲವು ದಿನ ಕಳೆದಂತೆ ಜಿಗುಟಾಗುತ್ತವೆ. ಹಣ್ಣು ಕೊಯ್ಯುವ ಚಾಕುವಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು.

ಸಾಣೆಯ ಬಗ್ಗೆ ಎಚ್ಚರದ ಮಾತು. ಸೈಕಲ್ ಮೇಲೆ ಚಕ್ರ ಇಟ್ಟುಕೊಂಡು ಬರುವವರು ಕುಡುಗೋಲಿಗೆ ಸರಿ. ತೆಳುವಾದ ಬಾಯಿ ಒಣ ಚಕ್ರದಲ್ಲಿ ಕ್ಷಣದಲ್ಲಿ ಕಾಯುತ್ತದೆ. ಕಾರ್ಬನ್ ಸ್ಟೀಲ್ 200 ಡಿಗ್ರಿ ದಾಟಿದ ಮೇಲೆ ಹೊಂಬಣ್ಣಕ್ಕೆ ತಿರುಗಿ, 300ರ ಹತ್ತಿರ ನೀಲಿಯಾಗುತ್ತದೆ. ನೀಲಿ ಕಂಡರೆ ಅಲ್ಲಿನ ಗಡಸು ಇಳಿದಿದೆ ಅಂತ ಅರ್ಥ, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಮನೆಯಲ್ಲಿ ಎರಡು ಮುಖದ ಸಾಣೆಕಲ್ಲು, ಸ್ವಲ್ಪ ನೀರು ಸಾಕು. ಅಲಗು 20 ಮಿಲಿಮೀಟರ್ ಅಗಲ ಇದ್ದರೆ ಬೆನ್ನನ್ನು ಕಲ್ಲಿನಿಂದ 6 ಮಿಲಿಮೀಟರ್‌ನಷ್ಟು ಎತ್ತಿ ಹಿಡಿಯಿರಿ, ಕೋನ ಹದಿನೇಳು ಡಿಗ್ರಿ ಆಸುಪಾಸು ಬರುತ್ತದೆ. ಒಂದು ಬದಿ ಮಸೆದಾಗ ಇನ್ನೊಂದು ಬದಿಯ ಅಂಚು ಉಗುರಿಗೆ ತರಿತರಿಯಾಗಿ ಸಿಗಬೇಕು. ಸಿಕ್ಕಿದ ಮೇಲೆ ತಿರುಗಿಸಿ. ಕೊನೆಗೆ ಹಗುರವಾಗಿ ಎರಡೂ ಬದಿ ಎಳೆದು ಆ ತರಿ ತೆಗೆಯಿರಿ.

ಕಾನೂನು ಕೇಳುವವರು ಕಡಿಮೆ, ನಾನೇ ಹೇಳುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕುಗಳು. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆಂದೇ ಮಾಡಿದವನ್ನು ಅದರಿಂದ ಹೊರಗಿಟ್ಟಿದ್ದಾರೆ. ಮೂರಿಂಚಿನ ಚಾಕು ಆ ಅಳತೆಯ ಹತ್ತಿರವೂ ಬರುವುದಿಲ್ಲ. ಹಾಗಂತ ಎಲ್ಲೆಂದರಲ್ಲಿ ಒಯ್ಯಬಹುದು ಅಂತಲ್ಲ. ಚುನಾವಣೆ, ಮೆರವಣಿಗೆಯ ದಿನಗಳಲ್ಲಿ ನಿಷೇಧಾಜ್ಞೆ ಹೊರಡುತ್ತದೆ. ಹಿಂದೆ 144 ಅನ್ನುತ್ತಿದ್ದದ್ದು 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಆ ಆಜ್ಞೆಯಲ್ಲಿ ಹರಿತವಾದ ಆಯುಧ ಒಯ್ಯಬಾರದು ಎಂದಿದ್ದರೆ ಪೊಲೀಸರ ಹತ್ತಿರ ಇಂಚಿನ ಲೆಕ್ಕ ನಡೆಯುವುದಿಲ್ಲ. ಕೋರ್ಟಿಗೆ, ಜಾತ್ರೆಯ ಜನಜಂಗುಳಿಗೆ ಹೋಗುವಾಗ ಮನೆಯಲ್ಲೇ ಬಿಟ್ಟು ಹೋಗಿ. ಬೆಂಗಳೂರಿಗೆ ಹೋಗಿ ಮೆಟ್ರೊ ಹತ್ತುವವರಿದ್ದರೂ ಅಷ್ಟೇ. ಶಿವಮೊಗ್ಗ, ಹುಬ್ಬಳ್ಳಿಯಿಂದ ವಿಮಾನ ಹಿಡಿಯುವವರು ಹಿಂದಿನ ರಾತ್ರಿಯೇ ಕಿಸೆ ತಡವಿ ನೋಡಿ, ಚಾಕುವನ್ನು ಒರೆ ಸಮೇತ ಚೆಕ್‌–ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ ಸಿಕ್ಕಿದರೆ ಅದನ್ನು ಅಲ್ಲೇ ಬಿಟ್ಟು ಹೋಗಬೇಕಾಗುತ್ತದೆ.