ಪದ ಪರಿಚಯ: ವಿಭಾಗದ ಕೊಂಡಿ

ವಿಕಿಪೀಡಿಯದಲ್ಲಿ ಉದ್ದನೆಯ ಲೇಖನ ತೆರೆದರೆ ಒಂದು ಪರಿವಿಡಿ ಕಾಣುತ್ತದೆ, ಅಲ್ವಾ? ಅದರಲ್ಲಿ ‘ಇತಿಹಾಸ’ ಒತ್ತಿದರೆ ಪುಟ ಸರ್ರನೆ ಅಲ್ಲಿಗೆ ಇಳಿಯುತ್ತದೆ. ಹೀಗೆ ಪುಟದ ಯಾವುದೋ ಒಂದು ಭಾಗಕ್ಕೆ ನೇರವಾಗಿ ಕರೆದೊಯ್ಯುವುದೇ ವಿಭಾಗದ ಕೊಂಡಿ. ನಾವು ಹೋಗಿ ನಿಲ್ಲುವ ಜಾಗಕ್ಕೆ ಆಂಕರ್ ಎನ್ನುತ್ತಾರೆ, ಅಂದರೆ ಲಂಗರು.

ಬರೆಯುವುದು ಸುಲಭ. ಎರಡೆರಡು ಚೌಕ ಆವರಣದ ನಡುವೆ ಹ್ಯಾಶ್ ಗುರುತು, ಅದಕ್ಕೆ ಅಂಟಿದಂತೆ ವಿಭಾಗದ ಹೆಸರು: [[#ಇತಿಹಾಸ]]. ಬೇರೆ ಪುಟದ ವಿಭಾಗ ಬೇಕಾದರೆ ಹ್ಯಾಶ್‌ಗೆ ಮೊದಲು ಆ ಪುಟದ ಹೆಸರು. ಓದುವವರಿಗೆ ಹ್ಯಾಶ್ ಕಾಣಬಾರದು ಅಂದರೆ ನಡುವೆ ಒಂದು ನಿಲುಗೆರೆ ಹಾಕಿ, ಕಾಣಬೇಕಾದ ಮಾತು ಬರೆಯಬೇಕು: [[ಮೈಸೂರು#ಇತಿಹಾಸ|ಮೈಸೂರಿನ ಇತಿಹಾಸ]].

ಈ ಚೌಕ ಆವರಣ ಮೊದಲಿನಿಂದ ಇದ್ದದ್ದಲ್ಲ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಶುರುಮಾಡಿದ ಮೊದಲ ವಿಕಿಯಲ್ಲಿ (ಓದುವವರೇ ತಿದ್ದಬಹುದಾದ ಜಾಲತಾಣವೇ ವಿಕಿ) ಇಂಗ್ಲಿಷ್ ಪದಗಳನ್ನು ಜಾಗ ಬಿಡದೆ ಕೂಡಿಸಿ, ಪ್ರತಿ ಪದದ ಮೊದಲಕ್ಷರವನ್ನು ದೊಡ್ಡಕ್ಷರದಲ್ಲಿ ಬರೆದರೆ ಅದೇ ಕೊಂಡಿಯಾಗುತ್ತಿತ್ತು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಲ್ಲಿದೆ? ಆ ಪದ್ಧತಿ ನಮಗೆ ಒಗ್ಗುತ್ತಲೇ ಇರಲಿಲ್ಲ. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಗುವ ಹೊತ್ತಿಗೆ ಚೌಕ ಆವರಣ ಬಂದಿದ್ದು ನಮ್ಮ ಪುಣ್ಯ.

ತೊಂದರೆ ಇರುವುದು ಬೇರೆ ಕಡೆ. ಈ ಕೊಂಡಿ ನಿಂತಿರುವುದು ತಲೆಬರಹದ ಅಕ್ಷರಗಳ ಮೇಲೆ. ಯಾರೋ ಬಂದು ‘ಇತಿಹಾಸ’ವನ್ನು ‘ಚರಿತ್ರೆ’ ಅಂತ ತಿದ್ದಿದರೆ ಹಳೆಯ ಕೊಂಡಿಗಳೆಲ್ಲ ಕಡಿದುಹೋಗುತ್ತವೆ. ಇಲ್ಲದ ಪುಟಕ್ಕೆ ಕೊಂಡಿ ಹಾಕಿದರೆ ಅದು ಕೆಂಪಾಗಿ ಕಾಣುತ್ತದೆ, ತಪ್ಪು ತಕ್ಷಣ ಗೊತ್ತಾಗುತ್ತದೆ. ಇಲ್ಲದ ವಿಭಾಗಕ್ಕೆ ಹಾಗಲ್ಲ. ಬಣ್ಣ ನೀಲಿಯೇ ಇರುತ್ತದೆ, ಒತ್ತಿದರೆ ಓದುಗರು ಸುಮ್ನೆ ಪುಟದ ತಲೆಯಲ್ಲಿ ನಿಲ್ಲುತ್ತಾರೆ. ಇಲ್ಲೂ ಕೆಂಪು ಬಣ್ಣ ಬರುವಂತೆ ಮಾಡಿದರೆ ಅದೇ ದೊಡ್ಡ ಸುಧಾರಣೆ ಎನ್ನುವುದು ನನ್ನ ಗಟ್ಟಿ ಅನಿಸಿಕೆ.

ಕನ್ನಡದಲ್ಲಿ ಇನ್ನೊಂದು ತೊಡಕು ಇದೆ. ‘ಬಸ್’ ಎಂದು ಬರೆದು, ಕೊನೆಗೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಕೊಂಡಿದೆ ಅಂದುಕೊಳ್ಳಿ. ಅಕ್ಷರಗಳು ಒತ್ತಾಗಿ ಕೂಡಿಕೊಳ್ಳದಂತೆ ತಡೆಯುವ ಗುರುತು ಅದು. ಪದದ ಕೊನೆಯಲ್ಲಿದ್ದರೆ ನೋಡಲು ಏನೂ ವ್ಯತ್ಯಾಸವಿಲ್ಲ, ಕಂಪ್ಯೂಟರಿಗೆ ಮಾತ್ರ ಅವು ಎರಡು ಬೇರೆ ಪದ. ಕೊಂಡಿ ಕೂಡುವುದಿಲ್ಲ. ಎಷ್ಟು ಸಲ ಕಣ್ಣಾಡಿಸಿದರೂ ತಪ್ಪು ಸಿಗುವುದಿಲ್ಲ! ಅದಕ್ಕೇ ತಲೆಬರಹವನ್ನು ಹೊಸದಾಗಿ ಟೈಪ್ ಮಾಡುವ ಬದಲು ಆ ಪುಟದಿಂದಲೇ ನಕಲು ಮಾಡಿ ಅಂಟಿಸುವುದು ಕ್ಷೇಮ.

ತಲೆಬರಹ ಬದಲಾಗಬಹುದು ಅನ್ನಿಸಿದರೆ ಅಲ್ಲೇ ಬೇರೊಂದು ಆಂಕರ್ ನೆಡಬಹುದು. ಇದಕ್ಕೆಂದೇ ಹಲವು ವಿಕಿಗಳಲ್ಲಿ ಆ ಹೆಸರಿನ ಟೆಂಪ್ಲೇಟು, ಅಂದರೆ ಪುಟದೊಳಗೆ ಸೇರಿಸುವ ಸಿದ್ಧ ಅಚ್ಚು, ಇದೆ. ತಲೆಬರಹ ತಿದ್ದುವವರು ಹಳೆಯ ಹೆಸರನ್ನು ಅದರೊಳಗೆ ಉಳಿಸಿ ಹೋದರೆ ಹಳೆಯ ಕೊಂಡಿಗಳೂ ದಾರಿ ತಪ್ಪುವುದಿಲ್ಲ. ಒಂದೇ ಪುಟದಲ್ಲಿ ಒಂದೇ ತಲೆಬರಹ ಎರಡು ಸಲ ಬಂದರೂ ಗೊಂದಲವೇ. ಎರಡನೆಯದಕ್ಕೆ ವಿಕಿ ತಾನಾಗಿ 2 ಎಂಬ ಬಾಲ ಹಚ್ಚುತ್ತದೆ. ಬಾಲವಿಲ್ಲದ ಕೊಂಡಿ ಯಾವಾಗಲೂ ಮೊದಲನೆಯದಕ್ಕೇ ಹೋಗುತ್ತದೆ.

ಕೊಂಡಿ ಹಾಕಿದ ಮೇಲೆ ಒಮ್ಮೆ ಒತ್ತಿ ನೋಡಿ. ಆದರೆ ಒಂದೇ ವಿಭಾಗ ತೆರೆದು ತಿದ್ದುತ್ತಿದ್ದರೆ ಮುನ್ನೋಟದಲ್ಲಿ ಪುಟದ ಉಳಿದ ಭಾಗ ಇರುವುದಿಲ್ಲ, ಅದೇ ಪುಟದ ಬೇರೆ ವಿಭಾಗಕ್ಕೆ ಹಾಕಿದ ಕೊಂಡಿ ಸರಿಯಿದ್ದರೂ ಎಲ್ಲಿಗೂ ಹೋಗುವುದಿಲ್ಲ. ಉಳಿಸಿದ ಮೇಲೆ ಒತ್ತಿ.